ಸೇವಾದಳದ ಡಾಕ್ಟರು

ಕಂಪಲಾಪುರದ ಶಾಲಾದಿನಗಳಲ್ಲಿ ಸೇವಾದಳ ಎಂದರೆ ನಮಗೆ ಬಿಳಿ ಟೋಪಿ, ಲೆಫ್ಟ್–ರೈಟ್, ಆಗಸ್ಟ್ 15ರ ಸಿಹಿ, ಅಷ್ಟೇ. ಅದನ್ನು ಕಟ್ಟಿದವರು ಡಾ. ನಾ.ಸು. ಹರ್ಡೀಕರ್ ಎಂಬುದು ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಒಂದು ಅಂಕದ ಉತ್ತರ. ಆ ಹೆಸರಿನ ಮುಂದಿರುವ ‘ಡಾ.’ ನನ್ನ ಕಣ್ಣಿಗೆ ಬಿದ್ದದ್ದು ಕಳೆದ ವರ್ಷ.

ಹಬ್ಬದ ಕಬಡ್ಡಿ ಪಂದ್ಯ. ರೈಡಿಗೆ ಹೋದ ಹುಡುಗ ತಲೆ ಕೆಳಗಾಗಿ ಬಿದ್ದು ಎಚ್ಚರ ತಪ್ಪಿದ. ಒಬ್ಬರು ಅವನ ಬಾಯಿಗೆ ನೀರು ಹುಯ್ದರು, ಇಬ್ಬರು ತೋಳು ಹಿಡಿದು ಎತ್ತಿ ಕೂರಿಸಿದರು. ಎರಡೂ ತಪ್ಪು. ಎಚ್ಚರವಿಲ್ಲದವನಿಗೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಕತ್ತಿಗೆ ಪೆಟ್ಟಾಗಿದ್ದರೆ ಎತ್ತುವುದೇ ಅಪಾಯ. ಬಿಪಿಎಡ್ ಓದುತ್ತಿರುವ ನನ್ನ ಗೆಳೆಯನೇ ಅಂದು ರೆಫರಿ. ಪ್ರಥಮ ಚಿಕಿತ್ಸೆಯ ಪಾಠ ಓದಿ ಪಾಸೂ ಆಗಿದ್ದ. ಆದರೂ ಬಾಯಲ್ಲಿ ಸೀಟಿ ಕಚ್ಚಿಕೊಂಡು ನಿಂತೇಬಿಟ್ಟ. ಬಿಇ ಓದುವ ನಾನಂತೂ ಫೋನ್ ಹಿಡಿದು ನಡುಗುತ್ತಿದ್ದೆ. ಹುಡುಗ ಉಳಿದದ್ದು ಪುಣ್ಯ.

ಆಮೇಲೆ ಹರ್ಡೀಕರ್ ಬಗ್ಗೆ ಓದಿದೆ. 1889ರಲ್ಲಿ ಹುಟ್ಟಿದ ಅವರು ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಲ್ಲೇ ಲಾಲಾ ಲಜಪತರಾಯ್ ಜತೆ ಹೋಮ್‌ರೂಲ್ ಕೆಲಸ ಮಾಡಿದರು. 1921ರಲ್ಲಿ ಮರಳಿದಾಗ ಹುಬ್ಬಳ್ಳಿಯಲ್ಲಿ ದವಾಖಾನೆ ತೆರೆದು ಹಾಯಾಗಿರಬಹುದಿತ್ತು. ನಮ್ಮ ಕಾಲದವರಾದರೆ ಬಹುಶಃ ಮರಳುತ್ತಲೇ ಇರಲಿಲ್ಲ.

1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹ. ಉತ್ಸಾಹದಿಂದ ಜೈಲಿಗೆ ಹೋದ ಅನೇಕರು ಒಳಗಿನ ಕಷ್ಟ ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರ ಹುಬ್ಬಳ್ಳಿ ತಂಡ ಬಗ್ಗಲಿಲ್ಲ, ಏಕೆಂದರೆ ಅದು ಮೊದಲೇ ಶಿಸ್ತಿನಲ್ಲಿ ಪಳಗಿತ್ತು. ಅದೇ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರು. ಕವಾಯತು ಕಲಿಸಿದರೆ ಅಹಿಂಸೆಗೆ ಧಕ್ಕೆ ಎಂದು ಕಾಂಗ್ರೆಸ್ಸಿನಲ್ಲೇ ಕೆಲವರು ಆಕ್ಷೇಪಿಸಿದರು. ಹರ್ಡೀಕರ್ ಬಿಡಲಿಲ್ಲ. ವ್ಯಾಯಾಮ, ಕವಾಯತಿನ ಜತೆಗೇ ಗಾಯಾಳುಗಳ ಶುಶ್ರೂಷೆ, ಜನಸಂದಣಿ ನಿಭಾಯಿಸುವುದು, ಸ್ವಚ್ಛತೆ ಎಲ್ಲವನ್ನೂ ಸ್ವಯಂಸೇವಕರಿಗೆ ಕಲಿಸಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ದುಡಿದವರು ಇವರೇ. ಮೈ ಗಟ್ಟಿ ಮಾಡುವುದೂ ಇನ್ನೊಬ್ಬರ ಮೈ ಕಾಯುವುದೂ ಆ ಡಾಕ್ಟರಿಗೆ ಬೇರೆ ಬೇರೆ ಪಾಠಗಳಾಗಿರಲಿಲ್ಲ. ನಾವು ಯಾವಾಗ ಅವನ್ನು ಬೇರೆ ಮಾಡಿದೆವೋ!

1932ರಲ್ಲಿ ಬ್ರಿಟಿಷರು ದಳವನ್ನು ನಿಷೇಧಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಹರ್ಡೀಕರ್ ರಾಜ್ಯಸಭಾ ಸದಸ್ಯರಾದರು. 1958ರಲ್ಲಿ ಪದ್ಮಭೂಷಣ ಬಂತು. ಶಾಲೆಗಳ ಭಾರತ ಸೇವಾದಳವೂ ಘಟಪ್ರಭಾದ ಕರ್ನಾಟಕ ಆರೋಗ್ಯಧಾಮವೂ ಅವರ ದುಡಿಮೆ ಕಂಡವು. 1975ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಗೆಳೆಯನಿಗೆ ಹೇಳಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಈಗ ಭಾನುವಾರಗಳಂದು ಪರಿಚಯದ ನರ್ಸಕ್ಕ ಒಬ್ಬರು ನಮಗೆ ಹೇಳಿಕೊಡುತ್ತಾರೆ. ಮೈದಾನದ ಮೂಲೆಯಲ್ಲಿ ಒಬ್ಬ ಮಲಗುತ್ತಾನೆ, ಇನ್ನೊಬ್ಬ ಅವನ ಉಸಿರು ನೋಡಿ ಪಕ್ಕಕ್ಕೆ ಹೊರಳಿಸುತ್ತಾನೆ. ಎದೆ ಒತ್ತುವುದನ್ನು ಮಾತ್ರ ತುಂಬಿದ ಗೋಣಿಚೀಲದ ಮೇಲೆ ಕಲಿಯುತ್ತೇವೆ, ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ. ಕುರಿ ಹೊಡೆದುಕೊಂಡು ಹೋಗುವ ತಾತ ಪ್ರತಿ ಸಲವೂ ನಿಂತು, ಈ ಹುಡುಗರಿಗೆ ಏನಾಯ್ತು ಎಂದು ಕೇಳುತ್ತಾರೆ. ಹೋದ ವಾರ ತಾವೇ ಒಮ್ಮೆ ಗೋಣಿಚೀಲ ಒತ್ತಿ ನೋಡಿದರು.