ಹಿಟ್ಟಿನ ಹುಳ ಕೊಟ್ಟ ಉತ್ತರ

ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ಯಾವುದರಿಂದ ತೀರ್ಮಾನವಾಗುತ್ತದೆ? ನೂರಿಪ್ಪತ್ತು ವರ್ಷಗಳ ಹಿಂದೆ ಈ ಪ್ರಶ್ನೆಗೆ ದೊಡ್ಡ ದೊಡ್ಡ ವಿಜ್ಞಾನಿಗಳ ಬಳಿಯೂ ಖಚಿತ ಉತ್ತರವಿರಲಿಲ್ಲ. ತಾಯಿ ತಿನ್ನುವ ಆಹಾರ, ಸುತ್ತಲಿನ ಶಾಖ ಇವೇ ಕಾರಣ ಎಂದು ನಂಬಿದ್ದವರು ಬಹಳ ಜನ. ಆ ನಂಬಿಕೆಯನ್ನು ಅಲುಗಾಡಿಸಿದವರು ಬಡಗಿಯೊಬ್ಬರ ಮಗಳು ನೆಟ್ಟಿ ಸ್ಟೀವನ್ಸ್.

ನೆಟ್ಟಿ ಹುಟ್ಟಿದ್ದು 1861ರ ಜುಲೈ 7ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಎಂಬ ಊರಿನಲ್ಲಿ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ತಂದೆ ಮರುಮದುವೆಯಾಗಿ ಸಂಸಾರವನ್ನು ಮಸಾಚುಸೆಟ್ಸ್‌ನ ವೆಸ್ಟ್‌ಫೋರ್ಡ್‌ಗೆ ಕರೆದೊಯ್ದರು. 1880ರಲ್ಲಿ ಅಲ್ಲಿಯೇ ಶಾಲೆ ಮುಗಿಸಿದ ನೆಟ್ಟಿ ಪಾಠ ಹೇಳಲು ಹೊರಟರು. ಓದಿದ ಹೆಣ್ಣುಮಕ್ಕಳಿಗೆ ಆಗ ಇದ್ದ ಕೆಲಸ ಬಹುಮಟ್ಟಿಗೆ ಅದೊಂದೇ. ನಡುವೆ ಶಿಕ್ಷಕರ ತರಬೇತಿಗೆ ಸೇರಿ, ನಾಲ್ಕು ವರ್ಷದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿದರು. ಮತ್ತೆ ಶಾಲೆ, ಕೆಲಕಾಲ ಗ್ರಂಥಪಾಲಕಿಯ ಕೆಲಸ. ದುಡಿಯುವುದು, ಉಳಿಸುವುದು, ಆಮೇಲೆ ಓದುವುದು. ಸಂಬಳಕ್ಕಾಗಿ ಊರು ಬಿಟ್ಟು, ಓದುವ ಆಸೆಯನ್ನು ಮುಂದಿನ ವರ್ಷಕ್ಕೆ ಎಂದು ತಳ್ಳುತ್ತಾ ಬಂದಿರುವ ನಮ್ಮಂಥವರಿಗೆ ಈ ಲೆಕ್ಕಾಚಾರ ಚೆನ್ನಾಗಿಯೇ ಗೊತ್ತು.

1896ರಲ್ಲಿ ಅವರು ದೇಶದ ಆ ತುದಿಯಿಂದ ಈ ತುದಿಗೆ, ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದು ಸೇರಿದರು. ಆಗ ವಯಸ್ಸು 35. ಬಿ.ಎ., ಎಂ.ಎ. ಮುಗಿಸಿ 1900ರಲ್ಲಿ ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಮಹಿಳಾ ಕಾಲೇಜಿಗೆ ಬಂದರು. ಅಲ್ಲಿ ಗುರುಗಳಾಗಿ ಸಿಕ್ಕವರು ಥಾಮಸ್ ಹಂಟ್ ಮಾರ್ಗನ್. ಇಟಲಿಯ ನೇಪಲ್ಸ್‌ನಲ್ಲೂ ಜರ್ಮನಿಯಲ್ಲಿ ಥಿಯೊಡರ್ ಬೊವೆರಿ ಅವರ ಪ್ರಯೋಗಾಲಯದಲ್ಲೂ ಕಲಿತು ಬಂದ ನೆಟ್ಟಿಗೆ 1903ರಲ್ಲಿ ಪಿಎಚ್.ಡಿ. ಸಿಕ್ಕಿತು. ಸಂಶೋಧನೆ ಮುಂದುವರಿಸಲು ಹಣವಿರಲಿಲ್ಲ. ಕಾರ್ನೆಗಿ ಸಂಸ್ಥೆಗೆ ಅರ್ಜಿ ಹಾಕಿದರು. ಅಲ್ಲಿಂದ ಸಿಕ್ಕ ನೆರವೇ ಮುಂದಿನ ಶೋಧಕ್ಕೆ ದಾರಿಯಾಯಿತು.

ಅವರು ಆರಿಸಿಕೊಂಡದ್ದು ಹಿಟ್ಟಿನಲ್ಲಿ ಬೆಳೆಯುವ ಒಂದು ಹುಳವನ್ನು. ಅದರ ಅಂಗಾಂಶವನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟು, ಕಂಡದ್ದನ್ನು ಕೈಯಲ್ಲೇ ಚಿತ್ರ ಬರೆದುಕೊಳ್ಳಬೇಕು. ಹೆಣ್ಣು ಹುಳದ ಜೀವಕೋಶದಲ್ಲಿ 20 ಕ್ರೋಮೋಸೋಮ್‌ಗಳು, ಎಲ್ಲವೂ ದೊಡ್ಡವು. ಗಂಡಿನಲ್ಲೂ 20, ಆದರೆ 19 ದೊಡ್ಡವು, ಒಂದು ಮಾತ್ರ ಪುಟ್ಟದು. ಅಂಡಾಣುವಾಗಲಿ ವೀರ್ಯಾಣುವಾಗಲಿ ಆಗುವಾಗ ಈ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಅಂಡಾಣುಗಳೆಲ್ಲ ಒಂದೇ ಬಗೆ, ಪ್ರತಿಯೊಂದರಲ್ಲೂ ಹತ್ತು ದೊಡ್ಡವು. ವೀರ್ಯಾಣುಗಳಲ್ಲಿ ಮಾತ್ರ ಎರಡು ಬಗೆ. ಅರ್ಧದಷ್ಟರಲ್ಲಿ ಹತ್ತು ದೊಡ್ಡವು, ಉಳಿದರ್ಧದಲ್ಲಿ ಒಂಬತ್ತು ದೊಡ್ಡವು ಮತ್ತು ಒಂದು ಪುಟ್ಟದು. ಮೊದಲನೆಯ ಬಗೆಯದು ಅಂಡಾಣುವನ್ನು ಸೇರಿದರೆ ಹೆಣ್ಣು, ಎರಡನೆಯದು ಸೇರಿದರೆ ಗಂಡು. 1905ರಲ್ಲಿ ನೆಟ್ಟಿ ಇದನ್ನು ಪ್ರಕಟಿಸಿದರು. ಆ ಪುಟ್ಟ ಕ್ರೋಮೋಸೋಮ್‌ಗೆ ಮುಂದೆ ವೈ ಎಂಬ ಹೆಸರು ಬಂತು, ಅದರ ದೊಡ್ಡ ಜೊತೆಗಾರನಿಗೆ ಎಕ್ಸ್ ಎಂದು.

ಅದೇ ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಎಡ್ಮಂಡ್ ವಿಲ್ಸನ್ ಕೂಡ ಬೇರೆ ಕೀಟಗಳನ್ನು ನೋಡಿ ಸರಿಸುಮಾರು ಇದೇ ದಾರಿಗೆ ಬಂದಿದ್ದರು. ನೆಟ್ಟಿಯವರ ಶೋಧವನ್ನು ಅವರು ಬರಹದಲ್ಲಿ ಒಪ್ಪಿಕೊಂಡರು. ಆದರೂ ಪಠ್ಯಪುಸ್ತಕಗಳಲ್ಲಿ ಬಹುಕಾಲ ಮುಂದೆ ನಿಂತದ್ದು ವಿಲ್ಸನ್ ಮತ್ತು ಮಾರ್ಗನ್ ಅವರ ಹೆಸರುಗಳು. ಮಾರ್ಗನ್ ಅವರಂತೂ ಕ್ರೋಮೋಸೋಮ್‌ಗಳ ಪಾತ್ರವನ್ನು 1910ರ ಸುಮಾರಿಗಷ್ಟೇ ಒಪ್ಪಿದರು. 1933ರಲ್ಲಿ ನೊಬೆಲ್ ಪಡೆದವರೂ ಅವರೇ.

ಅದನ್ನು ನೋಡಲು ನೆಟ್ಟಿ ಇರಲಿಲ್ಲ. ಒಂದಾದ ಮೇಲೊಂದು ಕೀಟವನ್ನು ಪರೀಕ್ಷಿಸುತ್ತಾ ಮೂವತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ಬರೆದಿದ್ದರು. ಬ್ರಿನ್ ಮಾರ್ ಕಾಲೇಜು ಅವರಿಗೆಂದೇ ಸಂಶೋಧನಾ ಪ್ರಾಧ್ಯಾಪಕ ಹುದ್ದೆಯೊಂದನ್ನು ರೂಪಿಸಿತು. ಅದನ್ನು ವಹಿಸಿಕೊಳ್ಳುವ ಮೊದಲೇ, 1912ರ ಮೇ 4ರಂದು, ಸ್ತನ ಕ್ಯಾನ್ಸರ್‌ನಿಂದ ಬಾಲ್ಟಿಮೋರ್‌ನಲ್ಲಿ ತೀರಿಕೊಂಡರು. ವಯಸ್ಸು 50. ಪಿಎಚ್.ಡಿ. ಆದ ಮೇಲೆ ಅವರಿಗೆ ಸಿಕ್ಕಿದ್ದು ಒಂಬತ್ತೇ ವರ್ಷ.

ಹುಳದ ಲೆಕ್ಕ ಮನುಷ್ಯರಿಗೂ ಹೊಂದುತ್ತದೆಯೇ? ನಮ್ಮಲ್ಲಿ ಕ್ರೋಮೋಸೋಮ್‌ಗಳು 46. ಹೆಣ್ಣಿನಲ್ಲಿ ಎರಡು ಎಕ್ಸ್, ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ. ಎಲ್ಲ ಜೀವಿಗಳಲ್ಲೂ ವೈ ಒಂದೇ ರೀತಿ ಕೆಲಸ ಮಾಡುವುದಿಲ್ಲವಾದರೂ, ಮನುಷ್ಯರಲ್ಲಿ ಗಂಡಾಗಿಸುವುದು ಅದೇ ಎಂದು 1959ರಲ್ಲಿ ಸ್ಪಷ್ಟವಾಯಿತು. 1990ರಲ್ಲಿ ವೈ ಮೇಲಿನ ಎಸ್ಆರ್‌ವೈ ಎಂಬ ಜೀನ್ ಪತ್ತೆಯಾಯಿತು. ಭ್ರೂಣದಲ್ಲಿ ವೃಷಣ ಬೆಳೆಯುವಂತೆ ಸೂಚನೆ ಕೊಡುವುದು ಈ ಜೀನ್. ಅಪರೂಪಕ್ಕೆ ಈ ಜೋಡಣೆ ಬೇರೆಯಾಗುವುದೂ ಉಂಟು. ಸಾಮಾನ್ಯವಾಗಿ ತಾಯಿ ಕೊಡುವುದು ಎಕ್ಸ್ ಮಾತ್ರ. ತಂದೆಯಿಂದ ಎಕ್ಸ್ ಬರುತ್ತದೋ ವೈ ಬರುತ್ತದೋ ಎಂಬುದರ ಮೇಲೆ ಉಳಿದದ್ದು.

ಪುಣೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವ ನಾನು ಕ್ರೋಮೋಸೋಮ್ ಚಿತ್ರಗಳನ್ನು ದಿನವೂ ನೋಡುತ್ತೇನೆ. ಊರಿಗೆ ಫೋನ್ ಮಾಡಿದರೆ ಮಾತ್ರ ಕೇಳುವುದು ಹಳೆಯ ಮಾತೇ. ಇಂಥವರ ಸೊಸೆ ಮತ್ತೆ ಹೆಣ್ಣನ್ನೇ ಹೆತ್ತಳಂತೆ, ಅತ್ತೆ ಬಾಣಂತಿಯ ಮುಖವನ್ನೂ ನೋಡಲಿಲ್ಲವಂತೆ. ಇನ್ನೊಂದು ತಪ್ಪೂ ನಡೆಯುತ್ತದೆ. ಈ ವಿಜ್ಞಾನ ತಿಳಿದ ಕೆಲವರು ದೂರನ್ನು ಹೆಂಡತಿಯಿಂದ ಗಂಡನ ತಲೆಗೆ ವರ್ಗಾಯಿಸುತ್ತಾರೆ. ಯಾವ ವೀರ್ಯಾಣು ಮೊದಲು ಸೇರಬೇಕೆಂದು ಗಂಡನೂ ಆರಿಸುವುದಿಲ್ಲ. ಅದು ನಾಣ್ಯ ಚಿಮ್ಮಿದ ಹಾಗೆ. ಮೂರು ಸಲ ಹೆಣ್ಣಾದ ಮಾತ್ರಕ್ಕೆ ನಾಲ್ಕನೆಯದು ಗಂಡೇ ಆಗಬೇಕೆಂಬ ನಿಯಮವೂ ಇಲ್ಲ. ಇನ್ನು ಭ್ರೂಣದ ಲಿಂಗ ಪತ್ತೆ ಮಾಡಿಸುವುದು 1994ರ ಕಾಯ್ದೆಯ ಪ್ರಕಾರ ಅಪರಾಧ.

ನಾವು ಹೊರಗಿದ್ದರೂ ಊರಿನ ಮನೆಗಳಲ್ಲಿ ನಮ್ಮ ಮಾತಿಗೆ ಸ್ವಲ್ಪ ಬೆಲೆಯಿದೆ. ಮುಂದಿನ ಸಲ ಹೆಣ್ಣು ಹೆತ್ತ ಸೊಸೆಯ ದೂರು ಕಿವಿಗೆ ಬಿದ್ದಾಗ, ಹೌದೌದು ಎಂದು ಫೋನ್ ಇಡುವ ಬದಲು ಈ ಹುಳದ ಕಥೆಯನ್ನೊಮ್ಮೆ ಹೇಳಿ ನೋಡಿ.