ಬಿಡುವಿನ ದುಡಿಮೆ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನದಿಯು ಮಾಗಡಿ ತಾಲ್ಲೂಕನ್ನು ಹಾದು, ರಾಮನಗರ, ಕನಕಪುರಗಳ ಮಾರ್ಗವಾಗಿ ಹರಿದು, ಸಂಗಮವೆಂಬ ಸ್ಥಳದಲ್ಲಿ ಕಾವೇರಿಯನ್ನು ಸೇರುತ್ತದೆ. ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯ ಬಳಿ ಕುಮುದ್ವತಿಯು ಈ ನದಿಯನ್ನು ಕೂಡಿಕೊಳ್ಳುತ್ತದೆ. ಅಲ್ಲಿ 1933ರಲ್ಲಿ ಒಂದು ಜಲಾಶಯ ಸಿದ್ಧವಾಯಿತು. ಚಾಮರಾಜಸಾಗರವೆಂಬ ಹೆಸರು ಪಡೆದ ಆ ಜಲಾಶಯವು ಹಲವು ದಶಕಗಳ ಕಾಲ ಬೆಂಗಳೂರು ನಗರದ ಬಾಯಾರಿಕೆಯನ್ನು ತಣಿಸಿತು. ಈ ಕಾರ್ಯಕ್ಕೆ ದಾರಿ ತೋರಿದ ಸಮಿತಿಯ ಅಧ್ಯಕ್ಷರು ಆಗ ಯಾವ ಸರ್ಕಾರಿ ಹುದ್ದೆಯಲ್ಲಿಯೂ ಇರಲಿಲ್ಲ. ಎರಡು ಬಾರಿ ಉನ್ನತ ಪದವಿಯನ್ನು ತಾವಾಗಿಯೇ ಬಿಟ್ಟುಬಂದಿದ್ದ ಆ ಹಿರಿಯರೇ ಸರ್ ಎಂ. ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರು 1860ರ ಸೆಪ್ಟೆಂಬರ್ 15ರಂದು ನಂದಿಬೆಟ್ಟದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಮಕ್ಕಳಿಗೆ ಪಾಠ ಹೇಳಿಕೊಡುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಶಿಕ್ಷಣವನ್ನು ಪೂರೈಸಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಸಿಂಧೂ ನದಿಯ ದಡದ ಸುಕ್ಕೂರಿಗೆ ಕುಡಿಯುವ ನೀರನ್ನು ಒದಗಿಸಿದುದು, ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದುದು ಅವರಿಗೆ ಕೀರ್ತಿ ತಂದವು.

ಆದರೆ ಕೀರ್ತಿ ಬಂದಷ್ಟು ಸುಲಭವಾಗಿ ಪದವಿ ಬರಲಿಲ್ಲ. ಅಂದಿನ ಆಡಳಿತದಲ್ಲಿ ಅತ್ಯುನ್ನತ ಸ್ಥಾನಗಳು ಸಾಮಾನ್ಯವಾಗಿ ಆಂಗ್ಲರ ಪಾಲಾಗುತ್ತಿದ್ದವು. ತಾವು ಮುಖ್ಯ ಎಂಜಿನಿಯರರಾಗುವ ಸಂಭವ ಕಡಿಮೆಯೆಂಬುದನ್ನು ವಿಶ್ವೇಶ್ವರಯ್ಯನವರು ಅರಿತರು. 1908ರಲ್ಲಿ, ಸುಮಾರು 24 ವರ್ಷಗಳ ಸೇವೆಯ ಬಳಿಕ, ನಿಯಮಿತ ಕಾಲಕ್ಕಿಂತ ಮುಂಚೆಯೇ ನಿವೃತ್ತಿಯನ್ನು ಬೇಡಿ ಪಡೆದರು. ಆಗ ಅವರಿಗಿನ್ನೂ 50 ವರ್ಷ ತುಂಬಿರಲಿಲ್ಲ. ದೊರೆಯದ ಪದವಿಗಾಗಿ ಕೊರಗುತ್ತ ಮನೆಯಲ್ಲಿ ಕುಳಿತಿದ್ದರೆ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಅವರು ಹಾಗೆ ಮಾಡದೆ ಹೊಸ ವಿದ್ಯೆಯನ್ನು ಅರಸಿ ವಿದೇಶ ಪ್ರವಾಸಕ್ಕೆ ಹೊರಟರು. ಅದೇ ವರ್ಷ ಮೂಸಿ ನದಿಯು ಉಕ್ಕಿ ಹೈದರಾಬಾದು ನಗರವನ್ನು ಹಾಳುಗೆಡವಿತು. ನಿಜಾಮರ ಸರ್ಕಾರದ ಕರೆಗೆ ಓಗೊಟ್ಟು ಅವರು ಅಲ್ಲಿಗೆ ಬಂದು ಪ್ರವಾಹ ನಿಯಂತ್ರಣದ ಯೋಜನೆಯನ್ನು ರೂಪಿಸಿಕೊಟ್ಟರು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿ, 1912ರಲ್ಲಿ ದಿವಾನರಾದರು. ಕನ್ನಂಬಾಡಿಯ ಕಟ್ಟೆ, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ ಮೊದಲಾದವು ಆ ಕಾಲದ ಸಾಧನೆಗಳು.

ಸರ್ಕಾರಿ ಹುದ್ದೆಗಳ ನೇಮಕದ ನೀತಿಯ ವಿಷಯದಲ್ಲಿ ಮಹಾರಾಜರಿಗೂ ಅವರಿಗೂ ಭಿನ್ನಾಭಿಪ್ರಾಯ ತಲೆದೋರಿತು. 1918ರ ಕೊನೆಯಲ್ಲಿ ಅವರು ದಿವಾನಗಿರಿಯಿಂದ ಹೊರಬಂದರು. ನಿನ್ನೆಯವರೆಗೆ ಮೇಜಿನ ತುಂಬ ಕಡತಗಳು, ಆಜ್ಞೆಗಾಗಿ ಕಾದು ನಿಂತ ಅಧಿಕಾರಿಗಳು. ಇಂದು ಬರಿದಾದ ಹಗಲು. ಇಂತಹ ಬದಲಾವಣೆಯಲ್ಲಿ ಎಷ್ಟೋ ಸಮರ್ಥರು ಉತ್ಸಾಹ ಕಳೆದುಕೊಳ್ಳುವುದುಂಟು. ಕೆಲಸಕ್ಕೆ ಕರೆಯುವ ಗಂಟೆ ಹೊರಗೆ ನಿಂತುಹೋದಾಗ ಅದನ್ನು ತನ್ನೊಳಗೆ ತಾನೇ ಬಾರಿಸಿಕೊಳ್ಳಬೇಕಾಗುತ್ತದೆ. ವಿಶ್ವೇಶ್ವರಯ್ಯನವರು ಮಾಡಿದುದು ಇದನ್ನೇ. ಕಾಲನಿಯಮವನ್ನೂ ಶಿಸ್ತನ್ನೂ ಅವರು ಪದವಿಯೊಡನೆ ಬಿಟ್ಟುಕೊಡಲಿಲ್ಲ. ಮೊದಲ ನಿವೃತ್ತಿಯಲ್ಲಿ ಮಾಡಿದಂತೆ ಈಗಲೂ ದೇಶಾಂತರಗಳನ್ನು ಸುತ್ತಿ, ಅಲ್ಲಿನ ಕೈಗಾರಿಕೆ, ಶಿಕ್ಷಣ, ಆಡಳಿತಗಳನ್ನು ನೋಡಿ ತಿಳಿದರು. ಕಂಡುದನ್ನು ಆಧರಿಸಿ ಭಾರತದ ಪುನರ್ನಿರ್ಮಾಣವನ್ನು ಕುರಿತ ಗ್ರಂಥವೊಂದನ್ನು 1920ರಲ್ಲಿ ಪ್ರಕಟಿಸಿದರು.

ಕೆಲಸ ಅವರನ್ನು ಮತ್ತೆ ಹುಡುಕಿಕೊಂಡು ಬಂದಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಆರಂಭದಲ್ಲಿಯೇ ನಷ್ಟಕ್ಕೆ ಸಿಲುಕಿದಾಗ, 1923ರಲ್ಲಿ ಅದರ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿ, 1929ರವರೆಗೆ ಅದನ್ನು ನಿಲ್ಲಿಸಲು ದುಡಿದರು. ಆ ದುಡಿಮೆಗೆ ಸಲ್ಲಬೇಕಾದ ಸಂಭಾವನೆಯನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ, ತರುಣರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗವಾಗಬೇಕೆಂದು ಬಯಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಅದರ ಫಲ.

ಈ ನಡುವೆ, ಬೆಂಗಳೂರಿಗೆ 1896ರಿಂದ ನೀರುಣಿಸುತ್ತಿದ್ದ ಹೆಸರಘಟ್ಟದ ಕೆರೆಯು ಮಳೆಯಿಲ್ಲದೆ ಬತ್ತಿ ನಗರಕ್ಕೆ ಸಂಕಟ ಒದಗಿತು. ಆಗ ಅವರ ಅಧ್ಯಕ್ಷತೆಯಲ್ಲಿ ನಡೆದ ವಿಚಾರಣೆಯ ಫಲವಾಗಿಯೇ ಮಾಗಡಿ ಸೀಮೆಯ ಆ ಜಲಾಶಯ ಎದ್ದು ನಿಂತಿತು.

ಅಧಿಕಾರವಿಲ್ಲದವನ ಮಾತು ಎಲ್ಲೆಡೆಯೂ ನಡೆಯುವುದಿಲ್ಲ. ಅಧಿಕಾರದಲ್ಲಿದ್ದಾಗ ಆಜ್ಞಾಪಿಸಬಹುದಾಗಿದ್ದುದನ್ನು ಈಗ ಇತರರಿಗೆ ಮನಗಾಣಿಸಬೇಕಾಗಿತ್ತು. ನಾಡಿನಲ್ಲಿ ಮೋಟಾರು ಕಾರ್ಖಾನೆಯನ್ನು ಸ್ಥಾಪಿಸಲು ಅವರು 1930ರ ದಶಕದಲ್ಲಿ ಬಹಳವಾಗಿ ಶ್ರಮಿಸಿದರೂ ಸರ್ಕಾರದ ಬೆಂಬಲ ದೊರೆಯದೆ, ಅದು ಅವರೆಣಿಸಿದಂತೆ ಕೈಗೂಡಲಿಲ್ಲ. ಆದರೂ ಅವರ ಉತ್ಸಾಹ ಕುಗ್ಗಲಿಲ್ಲ. 1934ರಲ್ಲಿ ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥ ಬರೆದರು. ಒರಿಸ್ಸಾದ ಪ್ರವಾಹಗಳ ನಿವಾರಣೆಗೆ ಸಲಹೆಯಿತ್ತರು. 90 ವರ್ಷ ದಾಟಿದ ಮೇಲೆ, ಬಿಹಾರದಲ್ಲಿ ಗಂಗಾನದಿಗೆ ಸೇತುವೆ ಕಟ್ಟುವ ಸ್ಥಳವನ್ನು ನಿರ್ಧರಿಸಲು ನೆರವಾದರು. 1955ರಲ್ಲಿ ರಾಷ್ಟ್ರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು. 1962ರ ಏಪ್ರಿಲ್ 14ರಂದು, ತಮ್ಮ 101ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಲೆಕ್ಕ ಹಾಕಿದರೆ, ದಿವಾನ ಪದವಿಯಲ್ಲಿ ಅವರು ಕಳೆದುದು ಸುಮಾರು 6 ವರ್ಷ. ಅದನ್ನು ಬಿಟ್ಟ ಮೇಲೆ ಬದುಕಿದುದು 43 ವರ್ಷ. ಆ ದೀರ್ಘಕಾಲವನ್ನು ಅವರು ಹಿಂದಿನ ವೈಭವದ ನೆನಪಿನಲ್ಲಿ ಕಳೆಯಲಿಲ್ಲ. ಎಲ್ಲರಿಗೂ ಜಲಾಶಯ ಕಟ್ಟಿಸುವ ಅವಕಾಶ ಒದಗಲಾರದು. ಆದರೆ ಬಿಡುವು ಎಲ್ಲರಿಗೂ ಒದಗುತ್ತದೆ. ಯಾರೂ ಹೇಳದಿದ್ದಾಗ ಮನುಷ್ಯನು ಯಾವ ಕೆಲಸವನ್ನು ಆರಿಸಿಕೊಳ್ಳುವನೋ ಅದರಲ್ಲಿಯೇ ಅವನ ನಿಜವಾದ ಯೋಗ್ಯತೆ ಕಾಣುತ್ತದೆ.