ಡಾ. ಮುತ್ತುಲಕ್ಷ್ಮಿ ರೆಡ್ಡಿ: ಹತ್ತು ಜನ ಕೂಡಿ ಕಟ್ಟಿದ ಆಸ್ಪತ್ರೆ



ನಮ್ಮ ದೊಡ್ಡಮ್ಮನಿಗೆ ಎದೆಯಲ್ಲಿ ಗಂಟು ಆಗಿತ್ತು. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಗೊತ್ತಾದಾಗ ತಡವಾಗಿತ್ತು. ಹೊಲ ಅಡವಿಟ್ಟರೂ ಉಳಿಸಿಕೊಳ್ಳಲಾಗಲಿಲ್ಲ. ಅದಕ್ಕೇ ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಒಬ್ಬ ಮಹಾತಾಯಿಯ ವಿಚಾರ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮುತ್ತುಲಕ್ಷ್ಮಿಯವರು ಹುಟ್ಟಿದ್ದು 1886ರಲ್ಲಿ, ತಮಿಳುನಾಡಿನ ಪುದುಕೋಟೆಯಲ್ಲಿ. ತಾಯಿ ದೇವದಾಸಿ ಮನೆತನದವರು. ಹೆಣ್ಣುಮಗಳು ಗಂಡುಮಕ್ಕಳ ಕಾಲೇಜಿಗೆ ಹೋಗುವುದೇ ತಪ್ಪು ಅನ್ನುವ ಕಾಲ ಅದು. ಜನರ ವಿರೋಧ ಇದ್ದರೂ ಅಲ್ಲಿನ ಮಹಾರಾಜರು ಪ್ರವೇಶ ಕೊಡಿಸಿದರು. 1912ರಲ್ಲಿ ಮದರಾಸಿನಲ್ಲಿ ಡಾಕ್ಟರ್ ಪದವಿ ಪಡೆದರು. 1926ರ ಹೊತ್ತಿಗೆ ಮದರಾಸು ಶಾಸನ ಸಭೆಯ ಸದಸ್ಯೆಯಾಗಿ, ಮುಂದೆ ಅದರ ಉಪಾಧ್ಯಕ್ಷೆಯೂ ಆದರು. ದೇವದಾಸಿ ಪದ್ಧತಿ ನಿಲ್ಲಿಸಲು ವರ್ಷಗಟ್ಟಲೆ ಹೋರಾಡಿದರು. ಆ ಕಾನೂನು 1947ರಲ್ಲಿ ಪಾಸಾಯಿತು. 1930ರಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಅವ್ವೈ ಆಶ್ರಮ ತೆರೆದರು.

ಅವರ ತಂಗಿ ಕ್ಯಾನ್ಸರಿನಿಂದ ತೀರಿಕೊಂಡರು. ಅಕ್ಕ ಡಾಕ್ಟರಾಗಿದ್ದೂ ಉಳಿಸಲಾಗಲಿಲ್ಲ. ಆ ನೋವು ಮನಸ್ಸಿನಲ್ಲೇ ಉಳಿಯಿತು. ಕ್ಯಾನ್ಸರಿಗೇ ಒಂದು ಆಸ್ಪತ್ರೆ ಬೇಕೆಂದರೆ ಸರ್ಕಾರ ಮೊದಮೊದಲು ಆಸಕ್ತಿ ತೋರಲಿಲ್ಲ. ವಾಸಿಯಾಗದ ಕಾಯಿಲೆಗೆ ದುಡ್ಡು ದಂಡ ಅನ್ನುವವರೇ ಹೆಚ್ಚು. ಅಮ್ಮನವರು ಕೈಕಟ್ಟಿ ಕೂರಲಿಲ್ಲ. 1949ರಲ್ಲಿ ಭಾರತೀಯ ಮಹಿಳಾ ಸಂಘದವರ ಜೊತೆ ಸೇರಿ ಕ್ಯಾನ್ಸರ್ ಪರಿಹಾರ ನಿಧಿ ಶುರು ಮಾಡಿ ಜನರಿಂದ ಹಣ ಕೂಡಿಸಿದರು. ಡಾಕ್ಟರಾಗಿದ್ದ ಮಗ ಕೃಷ್ಣಮೂರ್ತಿಯವರೂ ಕೈಜೋಡಿಸಿದರು. 1952ರಲ್ಲಿ ಪ್ರಧಾನಿ ನೆಹರೂರವರು ಅಡಿಗಲ್ಲು ಹಾಕಿದರು. 1954ರಲ್ಲಿ ಅಡಯಾರಿನಲ್ಲಿ ಬರೀ 12 ಹಾಸಿಗೆಗಳಿಂದ ಆಸ್ಪತ್ರೆ ಶುರುವಾಯಿತು. ಬಡವರೆಂದು ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಎಂಬುದೇ ಅದರ ಧ್ಯೇಯ. ದೇಶದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇಂದು ಅದೂ ಒಂದು. 1956ರಲ್ಲಿ ಅವರಿಗೆ ಪದ್ಮಭೂಷಣ ಬಂತು. 1968ರಲ್ಲಿ ಕಾಲವಾದರು.

ಸದಸ್ಯರೇ, ಇದೂ ಸಹಕಾರವೇ ಅಲ್ಲವೇ? ಸರ್ಕಾರ ಕೊಡಲಿ ಎಂದು ಕೂತಿದ್ದರೆ ಆ ಆಸ್ಪತ್ರೆ ಏಳುತ್ತಿತ್ತೇ? ಸಹಕಾರ ಸಂಘಗಳ ಸದಸ್ಯರಿಗೆಂದೇ ನಮ್ಮ ರಾಜ್ಯದಲ್ಲಿ 2003ರಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂದದ್ದೂ ಇದೇ ದಾರಿಯಲ್ಲಿ. ಒಬ್ಬೊಬ್ಬರ ಸಣ್ಣ ವಂತಿಗೆಯಿಂದ ಎಷ್ಟೋ ಮನೆಗಳ ಆಪರೇಷನ್ ಖರ್ಚು ನೀಗಿತು. ನಮ್ಮ ಸಂಘವೂ ವರ್ಷಕ್ಕೊಂದು ಸಲ ಡಾಕ್ಟರನ್ನು ಕರೆಸಿ ಹೆಣ್ಣುಮಕ್ಕಳ ತಪಾಸಣೆ ಮಾಡಿಸಲಿ ಎಂದು ಮಹಾಸಭೆಯಲ್ಲಿ ನಾನು ಕೇಳುವವನಿದ್ದೇನೆ. ಆ ದಿನ ತಾವೆಲ್ಲ ಕೈ ಎತ್ತಬೇಕು. ಗಂಟು ಕಂಡರೆ ಮುಚ್ಚಿಡಬೇಡಿ ಅಂತ ಮನೆಯ ಹೆಣ್ಣುಮಕ್ಕಳಿಗೆ ಇವತ್ತೇ ಹೇಳಿ.

ಜೈ ಸಹಕಾರ.